ಕಾಡಸಿದ್ದನ ಇಪ್ಪತ್ತಮೂರು ಮಾರು

ಕಾಡಸಿದ್ದನ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಇದನ್ನು ಮೊದಲೇ ಹೇಳಿ ಮುಗಿಸುವುದು ಒಳ್ಳೆಯದು. ಇಲ್ಲದಿದ್ದರೆ ಯಾರಾದರೂ ನಡುವೆ ಬಾಯಿ ಹಾಕಿ ಹೇಳಿಯೇ ಹೇಳುತ್ತಾರೆ. ನಿಪ್ಪಾಣಿಯ ಚಹಾದಂಗಡಿಯಲ್ಲಿ ಅವನ ಹೆಸರು ತೆಗೆದರೆ ಸಾಕು, ಎದುರಿಗಿದ್ದವನ ಕೈ ತಾನಾಗಿಯೇ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. "ಇಷ್ಟ ಇದ್ದಾನಲ್ಲ, ಅವನ?" ಅವನು ಒಳ್ಳೆಯವನೋ ಕೆಟ್ಟವನೋ, ಏನು ಬಲ್ಲ, ಏನು ಬಾರದು ಎಂಬುದೆಲ್ಲ ಆಮೇಲಿನ ಮಾತು. ಎಷ್ಟೋ ಸಲ ಆ ಆಮೇಲೆ ಬರುತ್ತಲೇ ಇರಲಿಲ್ಲ.

ನಿಪ್ಪಾಣಿ ದಾಟಿ ಬೆಳಗಾವಿ ಕಡೆ ಹೊರಟರೆ ತವಂದಿ ಘಾಟು ಸಿಗುತ್ತದೆ. ಅದರ ಗುಡ್ಡದ ಬುಡದಲ್ಲಿ ಕಾಡಸಿದ್ದನ ಮನೆ. ಮನೆತನದ ಕಸುಬು ಆಡು ಕಾಯುವುದು. ಆಡಿಗೆ ಏರುವ ಚಟ ಜಾಸ್ತಿ, ಇಳಿಯುವ ಬುದ್ಧಿ ಕಡಿಮೆ. ಬಂಡೆಯ ನಡುವೆ ಹೋಗಿ ನಿಂತು ಬ್ಯಾ ಎನ್ನುವುದು ಅದರ ಕೆಲಸ, ಬರಿಗಾಲಲ್ಲಿ ಹತ್ತಿ ಹೆಗಲ ಮೇಲೆ ಹಾಕಿಕೊಂಡು ಇಳಿಯುವುದು ಕಾಡಸಿದ್ದನ ಕೆಲಸ. ಹೀಗೆ ಅವನಿಗೆ ಬಂಡೆಯ ಸಹವಾಸ ಬಿತ್ತೇ ಹೊರತು ಯಾರೂ ಅವನಿಗೆ ಹತ್ತುವುದನ್ನು ಕಲಿಸಲಿಲ್ಲ.

ಇಪ್ಪತ್ತೊಂದನೆಯ ವಯಸ್ಸಿಗೆ, ಅಂದರೆ ಎಂಬತ್ತೊಂದರಲ್ಲಿ, ಪೊಲೀಸ್ ಭರ್ತಿಗೆ ಹೋದ. ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದು, ಏದುಸಿರು ಬಿಡುತ್ತಾ, ಗೆದ್ದೆನೆಂದು ನಗುತ್ತಾ ಸಾಲಿನಲ್ಲಿ ನಿಂತ. ಅಳತೆಯ ಕಂಬದ ಕೆಳಗೆ ನಿಲ್ಲಿಸಿದ ಜಮಾದಾರ ಮೇಲಿನ ಪಟ್ಟಿಯನ್ನು ಇಳಿಸಿದ, ಇಳಿಸಿದ, ಇಳಿಸುತ್ತಲೇ ಹೋದ. ಸುತ್ತಲಿನವರು ಗೊಳ್ಳೆಂದು ನಕ್ಕರು. ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಅಂದೇ ಬಸ್ಸು ಹತ್ತಿ ಊರಿಗೆ ಬಂದ. ಆಡು ಇಬ್ಬರು ಅಣ್ಣತಮ್ಮಂದಿರ ಹೊಟ್ಟೆಗೆ ಸಾಲುವಂತಿರಲಿಲ್ಲ. ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಸೋಸುವ ಕೆಲಸಕ್ಕೆ ಸೇರಿದ. ಗಾಳಿಯಾಡದ ದೊಡ್ಡ ಕೋಣೆ, ಮೂಗಿಗೆ ಸುತ್ತಿಕೊಂಡ ಬಟ್ಟೆ, ಬಟ್ಟೆ ದಾಟಿ ಬರುವ ಘಾಟು. ವರ್ಷ ಎರಡು ಕಳೆಯುವಷ್ಟರಲ್ಲಿ ಕೆಮ್ಮು ಅವನನ್ನು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ.

ರಾವಸಾಹೇಬ ಮಾಸ್ತರರ ಪರಿಚಯವಾದದ್ದು ಎಂಬತ್ತೈದರ ಒಂದು ಭಾನುವಾರ. ಮಾಸ್ತರರು ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸುವವರು. ಮನೆಯಲ್ಲಿ ಕಬ್ಬಿನ ಹೊಲ, ಮೈಯಲ್ಲಿ ಆರಡಿ ಒಂದಿಂಚು, ಮೀಸೆ ಬೇರೆ. ಕೊಲ್ಲಾಪುರದ ಹುಡುಗರ ಜೊತೆ ಸಹ್ಯಾದ್ರಿಯ ಕೋಟೆಗಳನ್ನು ಹತ್ತಿ ಬಂದು, ನಮ್ಮ ಊರಿಗೂ ಇಂಥದ್ದೊಂದು ಬೇಕೆಂದು ಹಟ ಹಿಡಿದು 'ಗಿರಿಸಂಗ ಮಂಡಳ' ಕಟ್ಟಿದ್ದರು. ತವಂದಿ ಗುಡ್ಡದ ಜೋಗಿ ಬಂಡೆಯ ಬುಡದಲ್ಲಿ ಅವರ ಹತ್ತು ಜನ ಹಗ್ಗ, ಕೊಂಡಿ, ಸೊಂಟಪಟ್ಟಿ ಹರವಿಕೊಂಡು, ಹೇಗೆ ಹತ್ತಬೇಕೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಕಾಡಸಿದ್ದ ಮೇಲಿನಿಂದ ಆಡೊಂದನ್ನು ಹೊತ್ತುಕೊಂಡು ಅದೇ ಬಂಡೆಯಲ್ಲಿ ಇಳಿದು ಬಂದ.

"ಏ ತಮ್ಮಾ, ನಿನ್ನ ಹೆಸರೇನಪಾ?" ಎಂದರು ಮಾಸ್ತರರು. ಹೆಸರು ಹೇಳಿದ. ಮುಂದಿನ ಭಾನುವಾರದಿಂದ ಅವನೂ ಮಂಡಳದವನಾದ.

ಮಾಸ್ತರರು ಕೆಟ್ಟ ಮನುಷ್ಯರಲ್ಲ. ಈ ಮಾತನ್ನು ಕಾಡಸಿದ್ದ ಕೊನೆಯವರೆಗೂ ಹೇಳುತ್ತಿದ್ದ. ತಮ್ಮ ಬುತ್ತಿಯ ರೊಟ್ಟಿ ಹಂಚಿ ತಿನ್ನುವರು, ಬಿದ್ದವನನ್ನು ತಾವೇ ಹೊತ್ತು ಆಸ್ಪತ್ರೆಗೆ ಒಯ್ಯುವರು. ಆದರೆ ಜಗತ್ತನ್ನೆಲ್ಲ ಆರಡಿ ಮೇಲಿನಿಂದ ನೋಡಿದ ಮನುಷ್ಯನಿಗೆ ಕೆಳಗಿನಿಂದ ಅದು ಬೇರೆ ಥರ ಕಾಣುತ್ತದೆಂದು ಹೊಳೆಯುವುದಾದರೂ ಹೇಗೆ? ಬಂಡೆಯ ಮೇಲೆ ಹತ್ತುವ ದಾರಿಯನ್ನು ಅವರು ಗುರುತು ಮಾಡಿದರು. ಎಲ್ಲಿ ಹಿಡಿ ಇಲ್ಲವೋ ಅಲ್ಲಿ ಕಬ್ಬಿಣದ ಮೊಳೆ ಹೊಡೆದರು. ಮೊಳೆ ಎಲ್ಲಿಗೆ? ತಮ್ಮ ಕೈಗೆ ಎಟುಕುವಲ್ಲಿಗೆ. ಕೆಳಗೆ ನಿಂತು ಕೂಗುವರು, "ಮ್ಯಾಲ ಕೈ ಹಾಕು, ಐತಿ, ಐತಿ!" ಮಾಸ್ತರರ ಪಾಲಿಗೆ ಅದು ಇತ್ತು. ಕಾಡಸಿದ್ದನ ಬೆರಳಿಗೂ ಮೊಳೆಗೂ ನಡುವೆ ಒಂದು ಗೇಣು ಖಾಲಿ ಬಂಡೆ ಇರುತ್ತಿತ್ತು.

ಅವನು ಎಡಕ್ಕೆ ಸರಿಯುತ್ತಿದ್ದ. ಅಲ್ಲಿ ಬೆರಳ ತುದಿ ಹಿಡಿಸುವಷ್ಟೇ ಆಳದ ಮೂರು ಕುಳಿಗಳು. ಅವುಗಳಲ್ಲಿ ಬೆರಳೂರಿ, ಮಂಡಿಯನ್ನು ಎದೆಗೆ ಬರುವಷ್ಟು ಎತ್ತಿ, ಅಂಗಾಲನ್ನು ಬಂಡೆಗೆ ಅಂಟಿಸಿ, ಮೈಯನ್ನೆಲ್ಲ ಆ ಒಂದು ಕಾಲಿನ ಮೇಲೆ ಎಬ್ಬಿಸಿ ನಿಲ್ಲುತ್ತಿದ್ದ. ಎತ್ತರದವರು ಒಂದು ಸಲ ಕೈ ಚಾಚಿ ದಾಟುವ ಜಾಗವನ್ನು ಅವನು ನಾಲ್ಕು ಸಲ ಜೀವ ಬಿಗಿಹಿಡಿದು ದಾಟುತ್ತಿದ್ದ. ಎತ್ತರದವರಿಗೂ ಕಷ್ಟವಿಲ್ಲವೆಂದಲ್ಲ. ಬಂಡೆ ಹೊಟ್ಟೆ ಬಿಟ್ಟು ಮುಂದಕ್ಕೆ ಉಬ್ಬಿದಲ್ಲಿ ಅವರ ಉದ್ದ ಕಾಲಿಗೆ ಜಾಗವಿಲ್ಲ, ಮಂಡಿ ಹೊರಗೆ ಚಾಚಿ ಮೈ ಹಿಂದಕ್ಕೆ ಎಳೆಯುತ್ತದೆ, ದಪ್ಪ ಬೆರಳು ಕುಳಿಯಲ್ಲಿ ಇಳಿಯುವುದಿಲ್ಲ. ಆದರೆ ಅವರ ಕಷ್ಟಕ್ಕೆ ಬಂಡೆ ಕಾರಣ. ಕಾಡಸಿದ್ದನ ಕಷ್ಟಕ್ಕೆ ಕಾಡಸಿದ್ದನೇ ಕಾರಣ.

ಹತ್ತಲಾಗದೆ ಜಾರಿದ ದಿನ "ಪಾಪ, ಎಟಕಲಿಲ್ಲ" ಎನ್ನುವರು. ಹತ್ತಿದ ದಿನ "ಅವಂಗೇನ, ಹಗುರ ಅದಾನ, ಬೆರಳ ಸಣ್ಣು ಅದಾವ" ಎನ್ನುವರು. ಇವೆರಡನ್ನು ಬಿಟ್ಟು ಮೂರನೆಯ ಮಾತು ಹತ್ತು ವರ್ಷದಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ. ಚೆನ್ನಾಗಿ ಹತ್ತಿದ ಎನ್ನುವ ಮಾತು ಅದು. ಎಡಗಡೆಯ ಅವನ ದಾರಿಗೆ ಒಂದು ಹೆಸರು ಇಟ್ಟಿದ್ದರು ನಿಜ: 'ಆಡಿನ ದಾರಿ.' ಅಣ್ಣಾಸಾಬನೆಂಬ ದಾಂಡಿಗ ಒಮ್ಮೆ ಆ ದಾರಿಯಲ್ಲಿ ಹೋಗಿ, ಎರಡನೆಯ ಕುಳಿಯಲ್ಲೇ ಹಗ್ಗಕ್ಕೆ ಜೋತುಬಿದ್ದು ಬೈದುಕೊಳ್ಳುತ್ತಾ ಇಳಿದ. "ಇದು ಹತ್ತೂದಲ್ಲೋ ಮಾರಾಯಾ, ಇದು ಬುಟಕ್ಯಾಗೋಳ ಆಟ" ಎಂದ. ಬುಟಕ್ಯಾ ಎಂದರೆ ಮರಾಠಿಯಲ್ಲಿ ಗಿಡ್ಡ. ಅಲ್ಲಿಂದ ಮುಂದೆ ಅದು ಕಾಡಸಿದ್ದನಿಗೆ ಹೆಸರಾಯಿತು.

ಮೊದಮೊದಲು ಅವನು ನಗುತ್ತಿದ್ದ. ಆಮೇಲೆ ವಾದಿಸಿದ. ಕೊನೆಗೆ ಎರಡನ್ನೂ ಬಿಟ್ಟ. ಬಂಡೆ ಹತ್ತುವ ದಣಿವು ಒಂದು ನಿದ್ದೆಗೆ ಹೋಗುತ್ತದೆ. ಒಂದೇ ಮಾತಿಗೆ ಒಂದೇ ಉತ್ತರವನ್ನು ವರ್ಷಗಟ್ಟಲೆ ಕೊಡುವ ದಣಿವು ಹೋಗುವುದಿಲ್ಲ. ಹಾಗಿದ್ದೂ ಭಾನುವಾರ ತಪ್ಪಿಸಲಿಲ್ಲ. ಆರು ದಿನ ತಂಬಾಕಿನ ಧೂಳು ಕುಡಿದ ಎದೆಗೆ ಅಲ್ಲಿ ಮಾತ್ರ ಉಸಿರು ಪೂರ್ತಿ ಇಳಿಯುತ್ತಿತ್ತು. ಹೊಸಬರು ಬಂದರೆ ಅವರ ಕಾಲು ಹಿಡಿದು ಎಲ್ಲಿ ಇಡಬೇಕೆಂದು ತೋರಿಸುವವನು ಅವನೇ. ಮೊದಲು ಇಳಿದು ಹಗ್ಗ ಪರೀಕ್ಷಿಸುವವನೂ ಅವನೇ. "ನೀ ಹಗುರ ಅದಿ, ನೀ ಮೊದಲ ಇಳಿ" ಎನ್ನುವರು. ಹಗುರ ಇದ್ದವನ ಜೀವವೂ ಹಗುರವೇ ಎಂದು ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ.

ತೊಂಬತ್ತನಾಲ್ಕರಲ್ಲಿ ಒಂದು ಸುದ್ದಿ ಬಂತು. ಕಾಳಿ ನದಿಯ ಕಡೆ ಕಾಡಿನಲ್ಲಿ ಒಂದು ಸಾಹಸ ತರಬೇತಿ ಶಿಬಿರ ಶುರುವಾಗುವುದಿತ್ತು. ಬಂಡೆ ಹತ್ತುವುದನ್ನು ಕಲಿಸಲು ಒಬ್ಬ ಕಾಯಂ ಮನುಷ್ಯ ಬೇಕು, ನಿಮ್ಮ ಮಂಡಳದಲ್ಲಿ ಯಾರಾದರೂ ಇದ್ದರೆ ನೋಡಲು ಬರುತ್ತೇವೆ ಎಂದು ಮಾಸ್ತರರಿಗೆ ಕಾಗದ. ಮಾಸ್ತರರು ಎರಡು ಹೆಸರು ಬರೆದರು: ಬಟ್ಟೆ ಅಂಗಡಿಯವರ ಮನೆಯ ಶ್ರೀಪಾಲ, ಮತ್ತು ಕಾಡಸಿದ್ದ.

ಅದೇ ವಾರ ಡಾಕ್ಟರು ಕಾಡಸಿದ್ದನ ಬೆನ್ನಿಗೆ ಕಿವಿ ನಳಿಕೆ ಇಟ್ಟು ಬಹಳ ಹೊತ್ತು ಆಲಿಸಿ, "ವಖಾರಿ ಬಿಡು. ಈಗ ಬಿಟ್ಟರ ಎದಿ ಉಳೀತೈತಿ" ಎಂದಿದ್ದರು. ಅವನ ಹೆಂಡತಿ ದುಂಡವ್ವ ಮನೆಗೆ ಬಂದ ಮೇಲೆ ಕೇಳಿದಳು, "ಆ ಶಿಬಿರದ ಕೆಲಸ ನಿನಗ ಸಿಗತೈತೇನು?"

"ಹತ್ತೂದನ್ನ ನೋಡಿದ್ರ ಸಿಗತೈತಿ" ಎಂದ ಕಾಡಸಿದ್ದ. "ನನ್ನ ನೋಡಿದ್ರ ಇಲ್ಲ."

ಪರೀಕ್ಷೆಗೆ ಹೊಸ ಹಗ್ಗ ಬೇಕಿತ್ತು. ಮುಂಬೈಯಿಂದ ತರಿಸಿದ ನೈಲಾನ್ ಹಗ್ಗದ ದೊಡ್ಡ ಸುರುಳಿ ಮಂಡಳದಲ್ಲಿತ್ತು. ಜೋಗಿ ಬಂಡೆಯನ್ನು ಮಾಸ್ತರರು ಹಿಂದೊಮ್ಮೆ ಮೇಲಿನಿಂದ ಹಗ್ಗ ಬಿಟ್ಟು, ಎಳೆದು, ಎರಡು ಕೈ ಚಾಚಿ ಮಾರು ಹಾಕಿ ಅಳೆದಿದ್ದರು. ಬಾವಿ ಹಗ್ಗವನ್ನು ಅಳೆದಂತೆಯೇ. "ಬಂಡೆ ಹದಿನೇಳು, ಗಿಡಕ್ಕ ಕಟ್ಟಾಕ ಒಂದು. ಹದಿನೆಂಟು ಮಾರು ಅಳದು ತಗದಿಡಪಾ ಕಾಡಸಿದ್ದ" ಎಂದರು.

ಮಾರು ಎಂದರೆ ಚಾಚಿದ ಎರಡು ಕೈಗಳ ಉದ್ದ. ಯಾರ ಕೈ ಎಂಬುದನ್ನು ಎತ್ತರದವರು ಕೇಳುವುದಿಲ್ಲ. ಕಾಡಸಿದ್ದನಿಗೆ ಅದು ಹುಟ್ಟಿನಿಂದ ಬಾಯಿಪಾಠ. ಅಣ್ಣನ ಹತ್ತು ಮಾರು ತನ್ನ ಹನ್ನೊಂದೂವರೆ, ಮಾಸ್ತರರ ಹದಿನೆಂಟು ತನ್ನ ಇಪ್ಪತ್ತಮೂರು. ಮಂಡಳದ ಕೋಣೆಯಲ್ಲಿ ಕುಳಿತು ಇಪ್ಪತ್ತಮೂರು ಮಾರು ಹಾಕಿದ. ತಪ್ಪಬಾರದೆಂದು ಪ್ರತಿ ಮಾರಿಗೂ ಒಂದು ಕೆಂಪು ದಾರ ಕಟ್ಟಿದ. ಮತ್ತೊಮ್ಮೆ ಎಣಿಸಿದ. ತುದಿಗೆ ಮುಷ್ಟಿ ಗಾತ್ರದ ಗಂಟು ಹಾಕಿ, ಸುರುಳಿ ಸುತ್ತಿಟ್ಟು ವಖಾರಿಗೆ ಹೋದ.

ಶಿಬಿರದ ಸಾಹೇಬರು ಬಂದದ್ದು ಶನಿವಾರ ಬೆಳಿಗ್ಗೆ. ಬೆಂಗಳೂರು ಕಡೆಯವರು, ಕಡಿಮೆ ಮಾತಿನವರು. ಮೊದಲು ಶ್ರೀಪಾಲ ಹತ್ತಿದ. ಮೊಳೆಯಿಂದ ಮೊಳೆಗೆ ಅಚ್ಚುಕಟ್ಟಾಗಿ ಹೋದ, ಬಂಡೆಯ ಹೊಟ್ಟೆಯ ಹತ್ತಿರ ಎರಡು ಸಲ ಜಾರಿ ಮೂರನೆಯದಕ್ಕೆ ದಾಟಿದ. ಆಮೇಲೆ ಕಾಡಸಿದ್ದ. ಬೆಳಗಿನ ಕೆಮ್ಮು ಇನ್ನೂ ನಿಂತಿರಲಿಲ್ಲ. ಆದರೆ ಬಂಡೆಗೆ ಕೈ ಇಟ್ಟ ಮೇಲೆ ಅದು ಎಲ್ಲಿ ಹೋಯಿತೋ. ಎಡದ ಕುಳಿಗಳನ್ನು ಹಿಡಿದು, ಒಂದು ಸಲವೂ ಕಾಲು ತಪ್ಪದೆ, ಹೊಟ್ಟೆಯ ಕೆಳಗೆ ಮುದುರಿ, ಬಗ್ಗಿ, ಮೇಲೆ ಎದ್ದ. ಕೆಳಗೆ ಅಣ್ಣಾಸಾಬ ಎಂದಿನಂತೆ "ಹಗುರ ಅದಾನ್ರಿ ಸಾಹೇಬ್ರ" ಎಂದ.

"ಹಗುರ ಇರುವವರು ತುಂಬಾ ಜನ ಇದ್ದಾರೆ" ಎಂದರು ಸಾಹೇಬರು. "ಆ ಕಾಲು ನೋಡಿ. ಚೆನ್ನಾಗಿ ಹತ್ತುತ್ತಾರೆ."

ಬಂಡೆಯ ಮೇಲೆ ಗಾಳಿ ನಿಂತಿತ್ತು. ಆ ಮಾತು ಕಾಡಸಿದ್ದನಿಗೆ ಸ್ಪಷ್ಟವಾಗಿ ಕೇಳಿಸಿತು. ಹತ್ತು ವರ್ಷ ಕಾದ ಮಾತು. ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗಿ ತೋಳಿನಿಂದ ಒರೆಸಿಕೊಂಡ. ವಖಾರಿಯ ಬಾಗಿಲು ತನ್ನ ಹಿಂದೆ ಮುಚ್ಚಿಯೇ ಬಿಟ್ಟಿತು ಎಂದುಕೊಂಡ.

ಇನ್ನು ಉಳಿದದ್ದು ಹೊಸ ಹಗ್ಗ ಕಟ್ಟಿ ಇಳಿಯುವುದು. ಹಗ್ಗದ ಸುರುಳಿಯನ್ನು ಮೇಲೆ ತಂದಿಟ್ಟವರು ಮಾಸ್ತರರು; ಬಂಡೆಯ ಹಿಂಬದಿಯ ದಾರಿಯಿಂದ ಬಂದು ಇಟ್ಟು ಕೆಳಗೆ ಹೋಗಿದ್ದರು. ಕಾಡಸಿದ್ದ ಒಂದು ತುದಿಯನ್ನು ಮರಕ್ಕೆ ಬಿಗಿದು ಉಳಿದದ್ದನ್ನು ಕೆಳಗೆ ಎಸೆದ. ಕೆಳಗಿದ್ದವರೆಲ್ಲ ಸಾಹೇಬರ ಸುತ್ತ ಸೇರಿದ್ದರು, ಹಗ್ಗದ ಕಡೆ ಯಾರೂ ನೋಡಲಿಲ್ಲ. ತುದಿಯ ಗಂಟು ನೋಡುವ ರೂಢಿ ಅವನಿಗಿತ್ತು. ಅಂದು ನೋಡಲಿಲ್ಲ. ತಾನೇ ಹಾಕಿದ ಗಂಟು, ತಾನೇ ಎರಡು ಸಲ ಎಣಿಸಿದ ಹಗ್ಗ. ಮನಸ್ಸು ಆ ಮಾತಿನ ಗುಂಗಿನಲ್ಲೇ ಇತ್ತು. ಸೊಂಟಪಟ್ಟಿಯ ಕೊಂಡಿಗೆ ಹಗ್ಗ ಹಾಕಿ ಇಳಿಯತೊಡಗಿದ.

ಬಂಡೆಯ ಹೊಟ್ಟೆ ದಾಟಿದ ಮೇಲಷ್ಟೇ ಕೆಳಗಿನದು ಕಾಣುವುದು. ದಾಟಿ ಬಗ್ಗಿ ನೋಡಿದ. ಹಗ್ಗದ ತುದಿ ನೆಲ ಮುಟ್ಟಿರಲಿಲ್ಲ. ನೆಲಕ್ಕಿಂತ ನಾಲ್ಕಾಳು ಮೇಲೆ, ಗಂಟಿಲ್ಲದೆ, ಕತ್ತಿಯಿಂದ ಕೊಯ್ದ ಹಸಿ ತುದಿ ಅಂತರದಲ್ಲಿ ತೂಗಾಡುತ್ತಿತ್ತು. ತುದಿಯಲ್ಲೇ ಒಂದು ಕೆಂಪು ದಾರ.

ಹಿಂದಕ್ಕೆ, ಹೊಟ್ಟೆಯ ಮೇಲೆ ಏರುವ ಶಕ್ತಿ ಉಳಿದಿರಲಿಲ್ಲ. ಹಗ್ಗ ಮುಗಿಯುವವರೆಗೆ ಇಳಿದು, ತೊಡೆಗೆ ಎರಡು ಸುತ್ತು ಹಾಕಿಕೊಂಡು ನಿಂತ. ಪಕ್ಕದಲ್ಲಿ ಮಾಸ್ತರರ ಮೊಳೆಗಳ ದಾರಿ. ಒಂದು ಮೊಳೆ ಹಿಡಿದು, ಕೊಂಡಿ ಬಿಚ್ಚಿ, ಹಗ್ಗವನ್ನು ಬಿಟ್ಟ. ಕೆಳಗಿನ ಹೆಜ್ಜೆ ಮಾಸ್ತರರ ಕಾಲಿನ ಅಳತೆಯದು; ಕೈಯಲ್ಲಿ ಜೋತುಬಿದ್ದು, ಮೈ ಪೂರ್ತಿ ಚಾಚಿದರೂ ಕಾಲ್ಬೆರಳು ಇನ್ನೊಂದು ಗೇಣು ಮೇಲೆಯೇ. ಕೈ ಸಡಿಲಿಸಿ ಆ ಗೇಣಿನಷ್ಟು ಬಿದ್ದು, ನಿಂತ. ಹೀಗೆ ಮೂರು ಸಲ. ನೆಲ ಮುಟ್ಟಿದಾಗ ಎರಡೂ ಅಂಗೈ ಸುಲಿದಿದ್ದವು, ಬೆವರು ಕಿತ್ತು ಬಂದಿತ್ತು. ನಿಂತಿದ್ದ ಕೆಮ್ಮು ತಿರುಗಿ ಬಂತು.

ಹೆದರಿದವರಿಗೆ ಮೊದಲು ನಗು ಬರುತ್ತದೆ. ಮಾಸ್ತರರು ಓಡಿ ಬಂದು ಅವನನ್ನು ಹಿಡಿದುಕೊಂಡು ನಗತೊಡಗಿದರು. ಉಳಿದವರೂ ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. "ಹಗ್ಗ ಅಳೆದವರು ಯಾರು?" ಎಂದು ಕೇಳಿದರು.

"ನಾನ ರೀ" ಎಂದ ಕಾಡಸಿದ್ದ. "ಇಪ್ಪತ್ತಮೂರು ಮಾರು ಅಳದು ಇಟ್ಟಿದ್ನಿ. ಇದರಾಗ ದಾರ ಹದಿನೆಂಟ ಅದಾವ."

"ಹೌದೋ, ಹದಿನೆಂಟ ಇರಬೇಕು!" ಎಂದರು ಮಾಸ್ತರರು, ಒಂದಿಷ್ಟೂ ಅಳುಕಿಲ್ಲದೆ. "ನಾ ಹೇಳಿದ್ದ ಹದಿನೆಂಟು. ನಿನ್ನೆ ಸಂಜಿಕ ನೋಡ್ತೀನಿ, ಇಂವ ಇಪ್ಪತ್ತಮೂರು ದಾರ ಕಟ್ಟ್ಯಾನ. ದಂಡ ಆಗಬಾರದಂತ ಹದಿನೆಂಟನೇ ದಾರಕ್ಕ ಕೊಯ್ದು, ಉಳದದ್ದರಾಗ ಕುಣಿಕಿ ಮಾಡೀನಿ." ಹೆಗಲ ಮೇಲಿನ ಹೊಸ ಕುಣಿಕೆಗಳನ್ನು ತೋರಿಸಿದರು. ಅವುಗಳಲ್ಲಿ ಕೆಂಪು ದಾರಗಳು ಹಾಗೆಯೇ ಇದ್ದವು.

"ನಿಮ್ಮ ಹದಿನೆಂಟ ರೀ ಮಾಸ್ತರ, ನನ್ನ ಇಪ್ಪತ್ತಮೂರು" ಎಂದ ಕಾಡಸಿದ್ದ. ಸುಲಿದ ಕೈಗಳನ್ನು ಎರಡೂ ಕಡೆ ಚಾಚಿ ತೋರಿಸಿದ. "ನೋಡ್ರಿ. ನಾ ಲೆಕ್ಕ ಹಾಕೇ ಅಳದಿದ್ನಿ."

ಇದಕ್ಕಿಂತ ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಎಲ್ಲರೂ ನೋಡಿದರು. ಆದರೆ ನೋಡಿದ್ದು ಕುಣಿಕೆಯನ್ನಲ್ಲ, ಕೊಯ್ದ ತುದಿಯನ್ನಲ್ಲ; ಅವನ ಕೈಗಳನ್ನು. ಅಣ್ಣಾಸಾಬ ಬಿದ್ದು ಬಿದ್ದು ನಕ್ಕ. "ಬುಟಕ್ಯಾನ ಮಾರು!" ಎಂದ.

ಸಾಹೇಬರು ತಲೆದೂಗಿದರು. "ಅಂದರೆ, ನಿಮ್ಮ ಕೈ ಚಿಕ್ಕದಾದ್ದರಿಂದ ಹಗ್ಗ ಕಡಿಮೆ ಬಿತ್ತು. ಅಲ್ಲವೇ?"

ಕಾಡಸಿದ್ದ ಬಾಯಿ ತೆರೆದ. ಅಷ್ಟರಲ್ಲಿ ಮಾಸ್ತರರು ಅವನ ಹೆಗಲ ಮೇಲೆ ಕೈ ಇಟ್ಟು, ನಿಜವಾದ ಕಕ್ಕುಲಾತಿಯಿಂದ ಹೇಳಿದರು: "ಅವನ ಮ್ಯಾಲ ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಅವಂದೇನ ತಪ್ಪು? ದೇವರು ಕೈ ಅಷ್ಟ ಕೊಟ್ಟಾನ."

ಇನ್ನೊಮ್ಮೆ ಹೇಳಬಹುದಿತ್ತು. ಮೊದಲಿನಿಂದ, ನಿಧಾನವಾಗಿ, ಒಂದೊಂದು ದಾರವನ್ನು ಎಣಿಸಿ ತೋರಿಸುತ್ತಾ. ಆದರೆ ಕಾಡಸಿದ್ದ ದಣಿದಿದ್ದ. ಅಂದಿನ ಬಂಡೆಯಿಂದಲ್ಲ, ಆ ಹತ್ತು ವರ್ಷಗಳ ಎಲ್ಲ ಭಾನುವಾರಗಳಿಂದ. "ಹೌದ್ರಿ" ಎಂದ. ಹೋಗಿ ನೆರಳಿನಲ್ಲಿ ಕುಳಿತ.

ಕೆಲಸ ಶ್ರೀಪಾಲನಿಗೆ ಹೋಯಿತು. ಜೀಪು ಹತ್ತುವ ಮುಂಚೆ ಸಾಹೇಬರು ಕಾಡಸಿದ್ದನ ಹತ್ತಿರ ಬಂದು, "ಹತ್ತುವುದು ಚೆನ್ನಾಗಿದೆ. ಆದರೆ ಮಕ್ಕಳ ಜೀವ ಹಗ್ಗದ ಮೇಲಿರುತ್ತದೆ ನೋಡಿ" ಎಂದರು. ಅದರಲ್ಲಿ ಸುಳ್ಳೇನಿರಲಿಲ್ಲ.

ದುಂಡವ್ವನಿಗೆ ಸಿಟ್ಟು ನೆತ್ತಿಗೇರಿತು. ಅರಿಶಿನ ಅರೆದು ಅವನ ಅಂಗೈಗೆ ಹಚ್ಚುತ್ತಾ, "ನಿನಗ ಬಾಯಿ ಇರಲಿಲ್ಲೇನು? ಕೊಯ್ದಾವ್ರು ಅವರು ಅಂತ ಹೇಳಾಕ ಏನಾಗಿತ್ತು?" ಎಂದಳು.

"ಹೇಳಿದ್ನಲ್ಲ."

"ಮತ್ತ?"

"ನಾ ಹೇಳೂದನ್ನ ಅವರು ಕಣ್ಣೀಲೆ ಕೇಳ್ತಾರ" ಎಂದ ಕಾಡಸಿದ್ದ.

ಎಂಟು ದಿನದ ಮೇಲೆ ಮಾಸ್ತರರೇ ಮನೆಗೆ ಬಂದರು. ಮುಖ ಸಪ್ಪಗಿತ್ತು. ಅಂದು ಬಂಡೆಗೆ ಇಳಿಬಿಟ್ಟಿದ್ದ ಆ ತುಂಡು ಹಗ್ಗವನ್ನು ತಾವೇ ಮಾರು ಹಾಕಿ ನೋಡಿದ್ದರಂತೆ. ಹದಿನೆಂಟರ ಬದಲು ಹದಿನಾಲ್ಕು ಬಂತಂತೆ. ಮೂರು ಸಲ ಹಾಕಿದರೂ ಹದಿನಾಲ್ಕೇ. "ತಪ್ಪು ನಂದಪಾ, ಕಾಡಸಿದ್ದ" ಎಂದರು, ದುಂಡವ್ವನ ಎದುರಿಗೇ. "ನಿನ್ನ ಜೀವಾ ಹೋಗತಿತ್ತು." ಅವರ ಕಣ್ಣುಗಳು ಒದ್ದೆಯಾಗಿದ್ದವು. ದೊಡ್ಡ ಮನುಷ್ಯ ಹೀಗೆ ಬಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

"ಅಷ್ಟನ್ನ ಸಾಹೇಬ್ರಿಗೆ ಒಂದು ಕಾಗದಾ ಬರದ ತಿಳಸ್ರಿ ಮಾಸ್ತರ" ಎಂದ ಕಾಡಸಿದ್ದ. "ಶ್ರೀಪಾಲನ್ನ ತಗೀರಿ ಅನ್ನಾಂಗಿಲ್ಲ. ಇನ್ನೊಬ್ಬಾಂವ ಬೇಕಾದಾಗ ನನ್ನ ಹೆಸರ ನೆನಪ ಇರಲಿ."

"ಇವತ್ತ ಬರೀತೀನಿ" ಎಂದರು ಮಾಸ್ತರರು.

ವಖಾರಿಯಲ್ಲಿ ಸೋಸುತ್ತಾ ಕಾಡಸಿದ್ದ ಕಾಯ್ದ. ಒಂದು ತಿಂಗಳು ಹೋಯಿತು, ಎರಡು ಹೋದವು. ಮಾಸ್ತರರು ಹುಂ ಅಂದ ಮೇಲೆ ಮತ್ತೆ ಕೇಳಬಾರದೆಂದು ಕೇಳಲಿಲ್ಲ. ಬರೆದಿರುತ್ತಾರೆ, ಉತ್ತರ ತಡವಾಗಿರುತ್ತದೆ ಎಂದುಕೊಂಡ. ಟಪಾಲಿನವ ಓಣಿಗೆ ಬಂದರೆ ದುಂಡವ್ವ ಹೊರಗೆ ಬಂದು ನಿಲ್ಲುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಮಾಸ್ತರರ ಮೋಟಾರ್ ಸೈಕಲ್ ಬಾಗಿಲಿಗೆ ಬಂತು. ಮುಖ ಅರಳಿತ್ತು. ಕೈಯಲ್ಲಿ ಹಳದಿ ಬಣ್ಣದ ಹೊಸ ಅಳತೆ ಟೇಪು, ಮೂವತ್ತು ಮೀಟರಿನದು.

"ನಿನ್ನ ಸಲುವಾಗಿ ತಂದೀನಿ ನೋಡು! ಇನ್ನ ಮಾರಿಲ್ಲ, ಗೀರಿಲ್ಲ, ಪಕ್ಕಾ ಲೆಕ್ಕ. ಬಾ, ಕೈ ಚಾಚು."

ಕಾಡಸಿದ್ದ ವಖಾರಿಗೆ ಹೊರಟು ನಿಂತಿದ್ದ. ಚಾಚು ಎಂದರು, ಚಾಚಿದ. ಮಾಸ್ತರರು ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಗೆ ಟೇಪು ಎಳೆದು, ಬಗ್ಗಿ ಓದಿದರು. "ಒಂದು ಮೀಟರ ನಲವತ್ತೈದು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಎದುರು ಮನೆಯವರು ಹೊರಗೆ ಬಂದು ನಕ್ಕರು.

ಕೈ ಚಾಚಿಕೊಂಡೇ ಕಾಡಸಿದ್ದ ಕೇಳಿದ, "ಮಾಸ್ತರ, ಆ ಕಾಗದಾ ಬರದ್ರ್ಯಾ?"

ಮಾಸ್ತರರು ಟೇಪು ಸುತ್ತಿಕೊಳ್ಳುತ್ತಿದ್ದರು. ನಗು ಇನ್ನೂ ಮುಖದ ಮೇಲಿತ್ತು.

"ಯಾವ ಕಾಗದಾನೋ?" ಎಂದರು.

ಕಾಡಸಿದ್ದ ಕೈ ಇಳಿಸಿದ. ವಖಾರಿಗೆ ಹೊತ್ತಾಯಿತೆಂದು ಹೇಳಿ ಹೊರಟ. ಮುಂದಿನ ಭಾನುವಾರ ಅವನು ಬಂಡೆಗೆ ಹೋಗಲಿಲ್ಲ, ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ವಯಸ್ಸಾಯಿತು ಪಾಪ, ಇನ್ನು ಅವನಿಗೆ ಎಟುಕುವುದಿಲ್ಲ ಎಂದು ಮಂಡಳದಲ್ಲಿ ಮಾತಾಡಿಕೊಂಡರು.